ಎಡಕ್ಕೆ ವಾಲಿದ ತಲೆ

ಕಾಮಣ್ಣ ಮಾಸ್ತರನ ಅಂಗಿಯ ಎಡತೋಳಿಗೆ ದಿನಾಲೂ ಸುಣ್ಣ ಹತ್ತಿರುತ್ತದೆ ಎಂಬುದನ್ನು ಮೊದಲು ಕಂಡವಳು ಅವನ ಹೆಂಡತಿ ರೂಪಾಲಿ. ಬಟ್ಟೆ ಒಗೆಯುವವಳು ಅವಳೇ. ಬಲತೋಳು ಸ್ವಚ್ಛವಾಗಿರುತ್ತಿತ್ತು, ಎಡತೋಳು ಮಾತ್ರ ಭುಜದಿಂದ ಮೊಣಕೈವರೆಗೆ ಬೆಳ್ಳಗೆ.

"ಸಾಲ್ಯಾಗ ಪಾಠಾ ಮಾಡ್ತೀರೋ, ಗೋಡಿಗಿ ಸುಣ್ಣಾ ಹಚ್ಚಾಕ ಹೋಗ್ತೀರೋ?" ಎಂದು ಕೇಳಿದಳು.

"ಪಗಾರ ಸಾಲವಲ್ದು ಅಂತ ಜೋಡಧಂದಾ ಹಿಡದೀನಿ," ಎಂದ ಕಾಮಣ್ಣ.

ಅವಳು ನಕ್ಕಳು, ಅವನೂ ನಕ್ಕ. ಆದರೆ ಮರುದಿನ ಅಕ್ಕಲಕೋಟೆಯ ತನ್ನ ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ನಡೆಯುವಾಗ ಅವನು ತನ್ನ ಮೇಲೆ ತಾನೇ ಕಣ್ಣಿಟ್ಟ. ಪಡಸಾಲೆಯ ನಟ್ಟನಡುವಿನಿಂದ ಹೊರಟವನು ಎಂಟನೆಯ ತರಗತಿಯ ಬಾಗಿಲು ಬರುವಷ್ಟರಲ್ಲಿ ಗೋಡೆಗೆ ಒರಸಿಕೊಂಡಿದ್ದ. ಯಾರೋ ಎಳೆದಂತಿರಲಿಲ್ಲ. ನೆಲವೇ ಆ ಕಡೆ ಇಳಿಜಾರಾದ ಹಾಗಿತ್ತು. ಮತ್ತೆ ನಡುವಿಗೆ ಬಂದು, ಎದುರಿನ ಬಾಗಿಲಿನ ಚೌಕಟ್ಟಿನ ಮೇಲೆ ದೃಷ್ಟಿ ನೆಟ್ಟು ನಡೆದ. ಮತ್ತೆ ಗೋಡೆ. ಎಡಗಡೆಯ ಗೋಡೆಯೇ.

ಕುರಿಗಾರರ ಮನೆಯಲ್ಲಿ ಹುಟ್ಟಿದವನಿಗೆ ಅದರ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಹಿಂಡು ಬಿಟ್ಟು, ಅದೇ ಪಕ್ಕಕ್ಕೆ ಸುತ್ತುತ್ತ ಸುತ್ತುತ್ತ, ನೆಲದಲ್ಲಿ ತನ್ನ ಗೊರಸಿನದೇ ಒಂದು ಬಳೆಯಾಕಾರ ಮೂಡಿಸಿ, ಕೊನೆಗೆ ಅದರೊಳಗೇ ಕುಸಿಯುವ ಕುರಿಗಳನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಅದಕ್ಕೊಂದು ಇಂಗ್ಲಿಷ್ ಪದವಿತ್ತು. ಆ ಪದ ಅವನಿಗೆ ಬಹಳ ವರ್ಷಗಳಿಂದ ಗೊತ್ತಿತ್ತು. ಅಂದು ಅದನ್ನು ಮನಸ್ಸಿನಲ್ಲಿ ಕೂಡ ಉಚ್ಚರಿಸದೆ ತರಗತಿಯೊಳಗೆ ಹೋದ.

ಇದು ಕಳೆದ ವರ್ಷ ಶ್ರಾವಣದ ಮಾತು. ದೀಪಾವಳಿ ಮುಗಿಯುವಷ್ಟರಲ್ಲಿ ಕಾಮಣ್ಣ ಇರಲಿಲ್ಲ.

ಅವನ ಮನೆತನದ ವಸ್ತಿ ಚಪಳಗಾಂವದಿಂದ ಒಳಗೆ, ಜಾಲಿಗಿಡಗಳ ನಡುವೆ ಇದೆ. ಕೆಲವು ಮನೆ, ಒಂದು ಕುರಿಹಟ್ಟಿ, ಒಂದು ಮೈಲಾರನ ಗುಡಿ. ಅಣ್ಣ ಸಿದ್ದಣ್ಣ ಕುರಿಯ ಹಿಂದೆ ಹೋದ. ಕಾಮಣ್ಣನನ್ನೂ ಕಳಿಸಿ ನೋಡಿದರು. ಅವನು ಸಾಮಾನು ಕಟ್ಟಿ ತಂದ ಹರಿದ ಪತ್ರಿಕೆಯ ತುಂಡು ಓದುತ್ತ ಕೂತು, ಹಿಂಡನ್ನು ಮಂದಿಯ ಜೋಳದ ಹೊಲಕ್ಕೆ ಬಿಟ್ಟುಬಿಡುತ್ತಿದ್ದ. ಜಗಳ ಬಿಡಿಸಿ ಬಿಡಿಸಿ ಸಾಕಾದ ತಂದೆ ಇವನನ್ನು ಶಾಲೆಗೆ ಹಾಕಿದ. ಹಾಗೆ ಶಾಲೆ ಸೇರಿದವನು ಸೊಲ್ಲಾಪುರದ ಕಾಲೇಜಿನವರೆಗೆ ಹೋದ. ಅಲ್ಲಿ ಅವನಿಗೆ ಜತೆಯಾದವನು ಗುರುಶಾಂತ, ಚಾದರು ಮತ್ತು ಟಾವೆಲ್ಲಿನ ವ್ಯಾಪಾರಿಯ ಮಗ. ಗುರುಶಾಂತ ಕಾಲೇಜಿಗೆ ಹೊತ್ತು ಕಳೆಯಲು ಬರುತ್ತಿದ್ದ. ಕಾಮಣ್ಣ ಗ್ರಂಥಾಲಯದ ದಪ್ಪ ಇಂಗ್ಲಿಷ್ ನಿಘಂಟನ್ನು ಕಥೆಯ ಪುಸ್ತಕದಂತೆ ಪುಟ ಬಿಡದೆ ಓದುತ್ತಿದ್ದ.

ಆ ಪದ ಸಿಕ್ಕದ್ದು ಅಲ್ಲಿ. ಗಿಡ್. ಇಂಗ್ಲಿಷಿನಲ್ಲಿ ಮೂರೇ ಅಕ್ಷರ. ಕುರಿಯ ಮೆದುಳಿನಲ್ಲಿ ನೀರಿನ ಚೀಲ ಬೆಳೆದು, ಅದು ಸುತ್ತುತ್ತ ಸಾಯುವ ರೋಗ ಎಂದು ಅರ್ಥ ಕೊಟ್ಟಿತ್ತು. ಕಾಮಣ್ಣ ಓಡಿಬಂದು ಗುರುಶಾಂತನಿಗೆ ಹೇಳಿದ. ತಮ್ಮ ಹಟ್ಟಿಯ ಸುತ್ತುಬ್ಯಾನಿಗೆ ಸಮುದ್ರದಾಚೆ ಒಂದು ಹೆಸರಿದೆ ಎಂಬುದೇ ಅವನಿಗೆ ದೊಡ್ಡ ಸುದ್ದಿ.

"ಮಂದಿ ಇಂಗ್ಲಿಷ್ ಕಲತು ಸಾಹೇಬ ಆಗ್ತಾರ," ಎಂದ ಗುರುಶಾಂತ. "ನೀ ಇಂಗ್ಲಿಷಿನ್ಯಾಗೂ ಹೋಗಿ ಕುರಿನೇ ಹುಡಿಕಿದಿ."

ಪದದ ಹಿಂದೆ ಇನ್ನೊಂದು ಪದವಿತ್ತು. ಇಂಗ್ಲಿಷ್ ಕುರಿಗಾರರು 'ಗಿಡ್ಡಿ' ಎಂಬ ಮಾತಿನ ಬಾಲ ಕತ್ತರಿಸಿ ರೋಗಕ್ಕೆ ಈ ಹೆಸರಿಟ್ಟಿದ್ದರು. ಗಿಡ್ಡಿ ಎಂದರೆ ಈಗ ತಲೆ ತಿರುಗುವವನು. ಕೆಳಗೆ ನೋಡಿದರೆ ಕಣ್ಣು ಕತ್ತಲಿಡುವ ಎತ್ತರಕ್ಕೂ ಅದೇ ಪದ. ಸಂತೋಷದಿಂದ ನೆಲದ ಮೇಲೆ ಕಾಲು ನಿಲ್ಲದವನಿಗೂ ಅದೇ, ಚೆಲ್ಲುಚೆಲ್ಲು ಆಡುವವರಿಗೂ ಅದೇ. ಮಂಗಚೇಷ್ಟೆ ಮಾಡುವವನನ್ನು ಅವರು ತಲೆತಿರುಕ ಆಡು ಎಂದು ಬಯ್ಯುತ್ತಾರೆ. ಇವೆಲ್ಲ ಆಮೇಲಿನ ಅರ್ಥಗಳು. ಹಳೆಯ ಅರ್ಥ ಹುಚ್ಚು ಹಿಡಿದವನು. ಅದರ ಬೇರಿಗೇ ಹೋದರೆ, ಮೈಯಲ್ಲಿ ದೇವರು ಹೊಕ್ಕವನು.

ಅದನ್ನು ಅವನು ಎಷ್ಟು ಸಲ ಓದಿದನೋ. ಅವನ ವಸ್ತಿಯಲ್ಲಿಯೂ ಸುತ್ತುವ ಕುರಿಗೆ ರೋಗ ಬಂದಿದೆ ಎನ್ನುತ್ತಿರಲಿಲ್ಲ, ದೇವರು ಕೂತಿದ್ದಾನೆ ಎನ್ನುತ್ತಿದ್ದರು. ಎಲ್ಲಿಯವೋ ಎರಡು ಕುಲಗಳು, ಒಬ್ಬರ ಮುಖ ಒಬ್ಬರು ಕಾಣದವರು, ಒಂದೇ ಕುರಿಯನ್ನು ನೋಡಿ ಒಂದೇ ಮಾತು ಆಡಿದ್ದರು.

ಮುಂದೆ ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರನಾದ ಮೇಲೆ ಹಲಗೆಯ ಮೂಲೆಯಲ್ಲಿ ದಿನಕ್ಕೊಂದು ಪದ ಬರೆಯುವ ರೂಢಿ ಇಟ್ಟುಕೊಂಡ. ಗಿಡ್ಡಿಯ ದಿನ ಬಂದಾಗ ಅರ್ಥಗಳನ್ನು ಮೇಲಿನಿಂದ ಕೆಳಕ್ಕೆ ಬರೆದು, "ನೋಡ್ರಿ, ಗುಡಿಯಾಗ ಹುಟ್ಟಿದ ಮಾತು ಇಳಕೋತ ಇಳಕೋತ ಬಾಜಾರದಾಗ ಬಂದು ಕುಂತೈತಿ," ಎನ್ನುತ್ತಿದ್ದ. ಆ ರೋಗಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ಹೆಸರಿತ್ತು, ಸ್ಟರ್ಡಿ. ಮೊದಲು ದಿಗ್ಭ್ರಮೆ ಬಡಿದವನು ಎಂದಿದ್ದ ಆ ಪದಕ್ಕೆ ಈಗ ಗಟ್ಟಿಮುಟ್ಟಾದವನು ಎಂದು ಅರ್ಥ. ಅದನ್ನು ಹೇಳಿ ತನ್ನ ತೋಳು ಮಡಚಿ ತೋರಿಸುತ್ತಿದ್ದ. ಕಾಮಣ್ಣ ನೋಡಲು ಗಟ್ಟಿಮುಟ್ಟಾಗಿಯೇ ಇದ್ದ, ಕೊನೆಯವರೆಗೂ.

ತರಗತಿಯಲ್ಲಿ ಹೇಳದ ಸಂಗತಿಯೂ ಒಂದಿತ್ತು.

ವಸ್ತಿಯಲ್ಲಿ ಸುತ್ತುವ ಕುರಿ ಬಿದ್ದರೆ ಕಡಿದು ತಿನ್ನುತ್ತಿದ್ದರು. ತಲೆಯನ್ನು ಮಾತ್ರ ಒಲೆಗೆ ಏರಿಸುತ್ತಿರಲಿಲ್ಲ. ಅದು ದೇವರು ಕೂತ ತಲೆ. ಮೈಲಾರನ ನಾಯಿಗೆ ಸೇರಿದ್ದು. ಮೈಲಾರನ ಜತೆಗೆ ಸದಾ ನಾಯಿ ಇರುತ್ತದಲ್ಲ, ಹಿಂಡು ಕಾಯುವ ನಾಯಿಯೂ ಅವನದೇ ಎಂದು ಅವರ ನಂಬಿಕೆ. ಆದ್ದರಿಂದ ಆ ತಲೆಗೆ ಭಂಡಾರದ ಅರಿಸಿನ ಹಚ್ಚಿ, ಕಲ್ಲಿನಿಂದ ಬುರುಡೆ ಒಡೆದು, ನಾಯಿಯ ಮುಂದೆ ಇಟ್ಟು ಕೈ ಮುಗಿಯುವುದು ಪದ್ಧತಿ. ಆ ಬುರುಡೆಯೊಳಗಿನ ನೀರಿನ ಚೀಲದಲ್ಲಿ ಹುಳದ ಮರಿಗಳಿರುತ್ತವೆ. ನಾಯಿಯ ಹೊಟ್ಟೆ ಸೇರಿ ಅವು ಹುಳವಾಗುತ್ತವೆ. ನಾಯಿ ಹೊಲದಲ್ಲಿ ಹೊಲಸು ಮಾಡಿದಲ್ಲಿ ಹುಳದ ಮೊಟ್ಟೆ ಬೀಳುತ್ತದೆ. ಹುಲ್ಲಿನೊಂದಿಗೆ ಅದು ಕುರಿಯ ಬಾಯಿಗೆ ಹೋಗುತ್ತದೆ, ಅಲ್ಲಿಂದ ಮತ್ತೆ ಮೆದುಳಿಗೆ. ನಾಯಿಯ ಮೈ ಸವರಿದ ಕೈಯಿಂದ, ಬಲು ಅಪರೂಪಕ್ಕೆ, ಮನುಷ್ಯನ ಬಾಯಿಗೂ.

ಕಾಮಣ್ಣ ಇದನ್ನು ಅಣ್ಣನಿಗೆ ವರ್ಷವರ್ಷವೂ ಹೇಳಿದ್ದ. ದನದ ದವಾಖಾನೆಯ ಡಾಕ್ಟರನ್ನು ಕರೆತಂದು ಅವರಿಂದಲೂ ಹೇಳಿಸಿದ್ದ. ಎಲ್ಲರೂ ತಲೆ ಅಲ್ಲಾಡಿಸಿದರು, ಡಾಕ್ಟರಿಗೆ ಚಹಾ ಕೊಟ್ಟು ಕಳಿಸಿದರು.

"ಮೈಲಾರನ ನಾಯಿ ಪಾಲು ನಾ ಹ್ಯಾಂಗ ತಪ್ಪಸ್ಲಿ ತಮ್ಮಾ?" ಎಂದ ಸಿದ್ದಣ್ಣ. "ನೀ ಪುಸ್ತಕ ನೋಡಿ ಹೇಳ್ತಿ. ನಾ ಅಪ್ಪನ್ನ ನೋಡಿ ಮಾಡ್ತೀನಿ."

ಭಾದ್ರಪದದಲ್ಲಿ ಬೆಳಗಿನ ಹೊತ್ತು ತಲೆನೋವು ಶುರುವಾಯಿತು. ಏಳುತ್ತಲೇ ವಾಂತಿ. ಪಿತ್ತ ಎಂದು ಕಾಮಣ್ಣ ಜೀರಿಗೆ ನೀರು ಕುಡಿದ. ದಸರೆಯ ರಜೆಗೆ ವಸ್ತಿಗೆ ಹೋದಾಗ, ನಡುಮಧ್ಯಾಹ್ನ, ಗುಡಿಯ ಮುಂದಿನ ಬಯಲು ದಾಟುತ್ತಿದ್ದವನಿಗೆ ಅಣ್ಣನ ಮನೆ ನೇರಕ್ಕೆ ಕಾಣುತ್ತಿತ್ತು. ಅದರ ಕಡೆಗೇ ನಡೆದ. ಆದರೆ ಮನೆ ಪಕ್ಕಕ್ಕೆ ಸರಿದು, ಬೆನ್ನ ಹಿಂದೆ ಹೋಗಿ, ಇನ್ನೊಂದು ಕಡೆಯಿಂದ ಮತ್ತೆ ಬಂತು. ಮತ್ತೊಮ್ಮೆ ಹೋಯಿತು. ಆಮೇಲೆ ಕೆನ್ನೆಗೆ ಬಿಸಿ ಮಣ್ಣು ತಾಗಿದ್ದಷ್ಟೇ ಗೊತ್ತು.

ಕಣ್ಣು ಬಿಟ್ಟಾಗ ಅವನು ಗುಡಿಯ ಮುಂದಿನ ಗದ್ದಿಗೆಯ ಕಲ್ಲಿಗೆ ತಲೆ ತಾಗಿ ಮಲಗಿದ್ದ. ಸುತ್ತ ಜನ. ಯಾರೂ ಅವನನ್ನು ಎಬ್ಬಿಸುತ್ತಿರಲಿಲ್ಲ. ಹಣೆಯ ಮೇಲೆ ಯಾರೋ ಆಗಲೇ ಭಂಡಾರ ಹಚ್ಚಿದ್ದರು. ಯಾರ ಮುಖದಲ್ಲಿಯೂ ಅಂಜಿಕೆ ಇರಲಿಲ್ಲ, ಏನೋ ಬಯಸಿದ್ದು ಬಂದ ಸಮಾಧಾನವಿತ್ತು. 

ಸೊಲ್ಲಾಪುರಕ್ಕೆ ಕರೆದುಕೊಂಡು ಹೋದವನು ಗುರುಶಾಂತ. ತಲೆಯ ಫೋಟೋ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಬೆಳ್ಳಗಿನ ಮೆದುಳಿನ ನಡುವೆ ಕಪ್ಪಗೆ, ದುಂಡಗೆ ಇದ್ದುದನ್ನು ಪೆನ್ನಿನಿಂದ ತೋರಿಸಿದರು. ಮನೆಯಲ್ಲಿ ನಾಯಿ ಇದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಕಾಮಣ್ಣ ಇದೆ ಎಂದ. ಆ ವಾರದಲ್ಲಿಯೇ ಆಪರೇಶನ್ ಆಗಬೇಕು, ತಡ ಮಾಡಿದರೆ ಒಳಗಿನ ಒತ್ತಡ ಏರಿ ಯಾವ ಗಳಿಗೆಯಲ್ಲಾದರೂ ಕೈಮೀರಬಹುದು ಎಂದರು. ಅಲ್ಲಿಯವರೆಗೆ ಬಾವು ಇಳಿಸಲು ಗುಳಿಗೆ ಬರೆದುಕೊಟ್ಟರು.

ಹೊರಗೆ ಬಂದು ಇಬ್ಬರೂ ಚಹಾ ಕುಡಿದರು. 

"ಕಾಲೇಜಿನ್ಯಾಗ ನಿನಗ ಒಂದು ಪದಾ ಹೇಳಿದ್ನೆಲ್ಲ," ಎಂದ ಕಾಮಣ್ಣ. "ಕುರಿದು."

"ನೆನಪೈತಿ. ಈಗ್ಯಾಕ ಅದು? ಸುಮ್ನ ಚಾ ಕುಡಿ," ಎಂದ ಗುರುಶಾಂತ.

ಆ ಭಾನುವಾರ ಅಕ್ಕಲಕೋಟೆಯ ಬಾಡಿಗೆ ಮನೆಗೆ ವಸ್ತಿಯಿಂದ ಮೂವರು ಬಂದರು. ಅಣ್ಣ ಸಿದ್ದಣ್ಣ, ತಾಯಿ ಗಂಗುಬಾಯಿ, ಗುಡಿಯ ಹಿರಿಯ ಬೀರಣ್ಣ. ಬೀರಣ್ಣ ಬಂದದ್ದು ಯಾಕೆಂದು ಕಾಮಣ್ಣನಿಗೆ ನೋಡಿದ ಕೂಡಲೇ ತಿಳಿಯಿತು.

ಆ ಗುಡಿಯಲ್ಲಿ ಪ್ರತಿ ದೀಪಾವಳಿ ಪಾಡ್ಯದ ದಿನ, ದೇವರು ಮೈಯಲ್ಲಿ ಬಂದವನು ಗದ್ದಿಗೆಯ ಮೇಲೆ ನಿಂತು ಒಂದೇ ಒಂದು ಮಾತು ಆಡುತ್ತಾನೆ. ಅದಕ್ಕೆ ಹೇಳಿಕೆ ಎನ್ನುತ್ತಾರೆ. ಅದು ನೇರ ಮಾತಲ್ಲ. ಒಮ್ಮೆ 'ಕರಿ ಕಂಬಳಿಗೆ ಬಿಳಿ ಅಂಚು' ಎಂದು ಬಂದಿತ್ತು. ಮಳೆ ತಡವಾಗಿ ಬಂದರೂ ಜೋಳ ಕೈ ಹತ್ತುತ್ತದೆ ಎಂದು ಬೀರಣ್ಣ ಬಿಡಿಸಿ ಹೇಳಿದ್ದ, ಹಾಗೆಯೇ ಆಗಿತ್ತು. ಸುತ್ತಲ ಹಳ್ಳಿಗಳ ಕುರಿಗಾರರೆಲ್ಲ ಆ ಮಾತು ಕೇಳಲು ಬರುತ್ತಾರೆ. ಹೇಳುವವನು ಕಾಮಣ್ಣನ ಕಾಕಾ ಆಗಿದ್ದ. ಅವನು ತೀರಿದ ಮೇಲೆ ಗದ್ದಿಗೆ ಖಾಲಿ ಬಿದ್ದಿತ್ತು. ದೇವರು ಯಾರನ್ನೂ ಆರಿಸಿರಲಿಲ್ಲ.

"ಸುಳ್ಳ ಹೇಳಬ್ಯಾಡ ಮಾಸ್ತರ," ಎಂದ ಬೀರಣ್ಣ. "ಎಲ್ಲಾರೂ ನೋಡೀವಿ. ಎಡಕ್ಕ ತಿರಗಿದಿ, ಗದ್ದಿಗಿ ಮುಂದ ಬಿದ್ದಿ. ನಿಮ್ಮ ಕಾಕಾಗೂ ಮೊದಲ ಹಿಂಗ ಆಗಿತ್ತು."

ರೂಪಾಲಿ ಒಳಗಿನಿಂದ ಬಂದು ನಿಂತಳು. "ಕಾಕಾ ಹ್ಯಾಂಗ ಹೋದ್ರು ಮಾಮಾ?" ಎಂದು ಕೇಳಿದಳು.

"ದೇವರು ಕರಕೊಂಡ. ತಲಿ ಹಿಡಕೊಂಡು ಮಲಗಿದಾಂವ ಏಳಲಿಲ್ಲ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ರೂಪಾಲಿ ಕಪಾಟಿನಿಂದ ಫೋಟೋ ತಂದು ಬೀರಣ್ಣನ ಕೈಗೆ ಕೊಟ್ಟಳು. "ಇವರ ತಲ್ಯಾಗ ದೇವರಿಲ್ರಿ. ಹುಳದ ಚೀಲ ಐತಿ. ನೀವ ನೋಡ್ರಿ."

ಬೀರಣ್ಣ ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದ. "ಈ ದುಂಡಗಿಂದು?"

"ಅದ ಅದು."

ಮುದುಕ ಬಹಳ ಹೊತ್ತು ನೋಡಿದ. ಆಮೇಲೆ ಆ ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.

"ಒಳಗ ಬರಾಕ ದೇವರಿಗಿ ಒಂದು ಬಾಗಲಾ ಬೇಕಲ್ಲ ತಂಗಿ," ಎಂದ. "ಅದು ಹುಳಾನೂ ಆಗಿರಬಹುದು."

ಸಿದ್ದಣ್ಣ ತಮ್ಮನ ಮುಖವನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಅಭಿಮಾನವಿತ್ತು. ಇಷ್ಟು ವರ್ಷ ಅಣ್ಣನಿಗೆ ತಮ್ಮ ಓದಿದವನು, ದೂರ ಹೋದವನು. ಈಗ ದೇವರೇ ಹಿಡಿದು ಹಟ್ಟಿಗೆ ತಂದಿದ್ದ. ಗಂಗುಬಾಯಿ ಮಾತ್ರ ಗೋಡೆಗೆ ಒರಗಿ, ಬೀರಣ್ಣನ ತೊಡೆಯ ಮೇಲಿನ ಫೋಟೋವನ್ನೇ ನೋಡುತ್ತಿದ್ದಳು.

"ಗದ್ದಿಗಿ ಮ್ಯಾಲ ನಿಂತಾಂವ ಏನ ಹೇಳಿದ್ರೂ ಕೇಳ್ತೀರೇನು?" ಎಂದು ಕಾಮಣ್ಣ ಕೇಳಿದ.

"ಅಂವ ಎಲ್ಲಿ ಹೇಳ್ತಾನ? ದೇವರು ಹೇಳ್ತಾನ. ಕೇಳಲಾರದ ಹ್ಯಾಂಗ ಇರೂದು?"

"ಹಂಗಾದ್ರ ನಿಂದರ್ತೀನಿ."

ರೂಪಾಲಿ ಒಳಗೆ ಹೋಗಿ ಬಂದ ಮೂವರಿಗೂ ತಾಟು ಹಾಕಿದಳು, ಗಂಡನಿಗೆ ಹಾಕಲಿಲ್ಲ. ಅವನು ತಾನೇ ಎದ್ದು ಬಡಿಸಿಕೊಂಡ.

ಜಗಳವನ್ನು ಗುರುಶಾಂತ ಆಡಿದ. ಮರುದಿನ ಕಾಮಣ್ಣನನ್ನು ಸೊಲ್ಲಾಪುರದ ತನ್ನ ಅಂಗಡಿಯಲ್ಲಿ, ಚಾದರಿನ ಗಂಟುಗಳ ನಡುವೆ ಗಾದಿಯ ಮೇಲೆ ಕೂರಿಸಿಕೊಂಡು, ಗಿರಾಕಿಗಳನ್ನು ಹೊರಗೇ ನಿಲ್ಲಿಸಿ ಕೇಳಿದ. "ನಿನಗ ಅದರಾಗ ನಂಬಿಗಿ ಐತೇನು?"

"ಇಲ್ಲ."

"ಮತ್ತ? ಪಾಡ್ಯಕ್ಕ ಇನ್ನೂ ವಾರದ ಮ್ಯಾಲ ಐತಿ. ಡಾಕ್ಟರ ಏನಂದ, ಕಿವಿ ಇದ್ದಿದ್ದಿಲ್ಲೇನು?"

"ನಾ ಹೇಳಿ ನೋಡೀನಿ ಗುರ್ಯಾ. ಜನಾವರ ಡಾಕ್ಟರ ಹೇಳ್ಯಾನ. ಯಾರೂ ಕೇಳಿಲ್ಲ. ಆ ಕಲ್ಲಿನ ಮ್ಯಾಲ ನಿಂತು ಹೇಳಿದ್ರ ಇಡೀ ಸೀಮಿ ಕುರುಬರು ಕೇಳ್ತಾರ. ಅಣ್ಣನ ಮೊಮ್ಮಗಾ ಆ ನಾಯಿ ಕುತ್ತಿಗಿ ತಬ್ಬಿಕೊಂಡು ಮಲಗತೈತಿ. ನಾನೂ ಹಂಗ ಮಲಗಿದಾಂವ."

"ಆಪರೇಶನ್ ಆದ ಮ್ಯಾಲ, ಮುಂದಿನ ವರ್ಷ ಹೇಳು."

"ಆಪರೇಶನ್ ಆದ ಮ್ಯಾಲ ಯಾಂವ ಕೇಳ್ತಾನ? ಚೀಲಾ ತಗದ್ರ ದೇವರೂ ಹೋದ್ನಲ್ಲ."

 ಕಾಮಣ್ಣ ಚಾದರಿನ ಅಂಚನ್ನು ಬೆರಳಿನಲ್ಲಿ ಸವರಿದ.

"ಇನ್ನೊಂದು ಹೇಳ್ತೀನಿ, ನಗಬ್ಯಾಡ," ಎಂದ. "ತಲಿ ಒಡದು ತಗೀತಾರ ಅಂದ್ರ ಅಂಜಿಕಿ ಬರಾಕತ್ತೈತಿ. ಒಂದು ವಾರ ಮುಂದ ಹೋದ್ರ ಹೋಗ್ಲಿ ಅನಸ್ತೈತಿ. ಅದೂ ಐತಿ ಇದರಾಗ."

ಗುರುಶಾಂತ ನಗಲಿಲ್ಲ. ಪಾಡ್ಯದ ದಿನ ಕಾರು ತೆಗೆದುಕೊಂಡು ಗುಡಿಯ ಹತ್ತಿರವೇ ನಿಲ್ಲುತ್ತೇನೆ, ಮಾತು ಮುಗಿದ ಗಳಿಗೆಯಲ್ಲಿ ನೇರ ದವಾಖಾನೆಗೆ ಎಂದು ಗಟ್ಟಿ ಮಾಡಿಸಿಕೊಂಡ.

ಆ ದಿನಗಳಲ್ಲಿ ಗುಳಿಗೆಯಿಂದ ಕಾಮಣ್ಣನಿಗೆ ಬಹಳ ಆರಾಮ ಅನ್ನಿಸಿತು. ತಲೆನೋವು ನಿಂತಿತು. ಪಡಸಾಲೆಯಲ್ಲಿ ನೆಟ್ಟಗೆ ನಡೆದ. ಹಸಿವು ಹೆಚ್ಚಿ ಎರಡು ಪಟ್ಟು ಉಂಡ, ಮಕ್ಕಳಿಗೆ ಹೊಸ ಹೊಸ ಪದ ಹೇಳಿದ, ಮನೆಯಲ್ಲಿ ಹಾಡು ಗುನುಗಿದ. ರೂಪಾಲಿ ಬಟ್ಟೆ ಒಗೆಯುವಾಗ ಸ್ವಚ್ಛವಾದ ಎಡತೋಳನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂರುತ್ತಿದ್ದಳು. ಸುಣ್ಣ ಹತ್ತುತ್ತಿದ್ದಾಗ ಬಾರದ ಭಯ ಅವಳಿಗೆ ಈಗ ಬರುತ್ತಿತ್ತು.

ಪಾಡ್ಯದ ದಿನ ಹೊತ್ತು ನೆತ್ತಿಗೆ ಬರುವ ಮೊದಲೇ ಬಯಲು ತುಂಬಿತ್ತು. ಕಂಬಳಿ ಹೊದ್ದ ಮುದುಕರು ಮುಂದೆ, ಹುಡುಗರು ಫೋನು ಎತ್ತಿ ಹಿಡಿದು ಜಾಲಿಗಿಡದ ಕೆಳಗೆ. ಕಾಮಣ್ಣನಿಗೆ ಕರಿ ಕಂಬಳಿ ಹೊದಿಸಿ ಗದ್ದಿಗೆಯ ಮೇಲೆ ನಿಲ್ಲಿಸಿದರು. ಡೊಳ್ಳು ಶುರುವಾದವು. ಭಂಡಾರ ಎಸೆದ ಹಾಗೆಲ್ಲ ಗಾಳಿ ಹಳದಿಯಾಗಿ, ಮೂಗು ಗಂಟಲು ಕಟ್ಟಿತು.

ಅವನು ಮಾತನ್ನು ಮೊದಲೇ ಸಿದ್ಧ ಮಾಡಿಕೊಂಡಿದ್ದ. ಕವಿತೆ ಬೇಡ, ಒಗಟು ಬೇಡ. ಚಿಕ್ಕ ಮಗುವಿಗೂ ತಿಳಿಯಬೇಕು. ಆದರೆ ಡೊಳ್ಳಿನ ಸದ್ದು ಎದೆಯೊಳಗೆ ಇಳಿದಾಗ ಅವನ ಕಾಲು ತಾವಾಗಿ ತಿರುಗತೊಡಗಿದವು. ಎಡಕ್ಕೆ. ಗುಳಿಗೆಯ ಜೋರು ಮುಗಿದಿತ್ತೋ, ಸದ್ದಿಗೋ, ಅಥವಾ ನಿಘಂಟಿನ ಆ ಕೊನೆಯ ಸಾಲಿನಲ್ಲಿ ಹೇಳಿದ್ದೇ ಆಗುತ್ತಿತ್ತೋ, ಅವನಿಗೆ ತಿಳಿಯಲಿಲ್ಲ. ಮುಖಗಳು ಪಕ್ಕಕ್ಕೆ ಸರಿದು ಹೋಗಿ ಮತ್ತೆ ಬಂದವು. ಒಂದು ಕ್ಷಣ ಅವನಿಗೆ ಯಾವ ಭಯವೂ ಇರಲಿಲ್ಲ. ಮೈ ಹಗುರಾಗಿತ್ತು, ಸಂತೋಷವಾಗಿತ್ತು. ಆ ಪದದ ಎಲ್ಲ ಅರ್ಥಗಳೂ ಒಟ್ಟಿಗೇ ಬಂದಂತಿತ್ತು.

ಹಲ್ಲು ಕಚ್ಚಿ ನಿಂತ. ಕೈ ಎತ್ತಿದ. ಡೊಳ್ಳು ಗಕ್ಕನೆ ನಿಂತವು.

"ಸುತ್ತೋ ಕುರಿ ತಲಿ ನಾಯಿಗಿ ಹಾಕಬ್ಯಾಡ್ರಿ. ನೆಲಾ ಅಗದು ಹುಗೀರಿ."

 ಅವನು ಇನ್ನೂ ಬಿಡಿಸಿ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಡೊಳ್ಳು ಮತ್ತೆ ಬಡಿದವು. ಒಂದು ಮಾತಾದ ಮೇಲೆ ಆಡಿದ್ದು ದೇವರದಲ್ಲ, ಅದನ್ನು ಯಾರೂ ಕೇಳಬಾರದು ಎಂಬುದು ಅಲ್ಲಿಯ ಕಟ್ಟು. ಹುಳ, ನೀರಿನ ಚೀಲ, ಮಕ್ಕಳ ಕೈ ಎಂದು ಅವನು ಕೂಗಿದ್ದೆಲ್ಲ ಸದ್ದಿನಲ್ಲಿ ಮುಳುಗಿತು. ನಾಲ್ಕಾರು ಕೈಗಳು ಅವನನ್ನು ಎತ್ತಿ ಕೆಳಗಿಳಿಸಿದವು. ಕಾರಿನ ಹತ್ತಿರ ಬರುವಷ್ಟರಲ್ಲಿ ವಾಂತಿಯಾಗಿ, ಕಣ್ಣು ಮೇಲೆ ಸಿಕ್ಕಿದವು. ರೂಪಾಲಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಗುರುಶಾಂತ ಸೊಲ್ಲಾಪುರದವರೆಗೆ ಕಾರು ಎಲ್ಲಿಯೂ ನಿಲ್ಲಿಸಲಿಲ್ಲ.

ಸೂಜಿ ಮದ್ದಿನಿಂದ ಸಂಜೆಗೆ ಎಚ್ಚರವಾಯಿತು. ಆಪರೇಶನ್ ಮರುದಿನ ಬೆಳಿಗ್ಗೆ ಎಂದು ಗೊತ್ತಾಯಿತು. ಬೆಳಿಗ್ಗೆ ಅವನ ತಲೆ ಬೋಳಿಸಿ, ಹಸಿರು ಅಂಗಿ ಹಾಕಿ ಮಲಗಿಸಿದ ಹೊತ್ತಿಗೆ ವಸ್ತಿಯ ಮೂವರೂ ಬಂದರು. ಸಿದ್ದಣ್ಣ ಹುರುಪಿನಲ್ಲಿದ್ದ.

"ತಮ್ಮಾ, ಎಂಥಾ ಹೇಳಿಕಿ ಬಂತೋ. ಕಾಕಾನ ಬಾಯಾಗೂ ಇಂಥಾದ್ದು ಬಂದಿದ್ದಿಲ್ಲ ಅಂತ ಎಲ್ಲಾರೂ ಅನ್ನಾಕತ್ಯಾರ. ಮೊಬೈಲಿನ್ಯಾಗ ಅದ ಐತಿ."

"ಕೇಳಿದ್ರೇನು?" ಎಂದ ಕಾಮಣ್ಣ. ನಾಲಗೆ ದಪ್ಪವಾಗಿತ್ತು.

"ಕೇಳದ ಏನು," ಎಂದ ಬೀರಣ್ಣ. "ರಾತ್ರಿ ಪೂರಾ ಕುಂತು ಬಿಡಸೀವಿ. ಸುತ್ತೋ ಕುರಿ ಅಂದ್ರ ಪಾರ್ಟಿ ಬದಲಿ ಮಾಡಾವರು. ತಲಿ ಅಂದ್ರ ಊರ ಹಿರಿತನ. ನಾಯಿ ಅಂದ್ರ ಹೊರಗಿನ ದಲಾಲ. ಹಿರಿತನಾ ಅವರ ಕೈಯಾಗ ಕೊಡಬ್ಯಾಡ್ರಿ ಅಂತ. ನೆಲಾ ಅಗದು ಹುಗೀರಿ ಅಂದ್ರ ಹಿಂಗಾರಿ ಬಿತ್ತಗಿ ಲಗೂ ಮುಗಸ್ರಿ."

"ವಾಗದರಿ ಊರವರು ಹಂಗನ್ನಾಂಗಿಲ್ಲ," ಎಂದ ಸಿದ್ದಣ್ಣ. "ತಲಿ ಅಂದ್ರ ಉಳ್ಳಾಗಡ್ಡಿ ಅಂತಾರ. ದಲಾಲಗ ಹಾಕಬ್ಯಾಡ್ರಿ, ಕೂಡಿಡ್ರಿ, ರೇಟ್ ಬರತೈತಿ ಅಂತ."

"ಉಳ್ಳಾಗಡ್ಡಿ ಎಲ್ಲಿ ಸುತ್ತತೈತಿ? ಅವರಿಗಿ ತಿಳಿಯಂಗಿಲ್ಲ," ಎಂದ ಬೀರಣ್ಣ.

ಕಾಮಣ್ಣ ಅಣ್ಣನ ಕೈ ಹಿಡಿದ. "ಅಣ್ಣಾ, ಅದಕ್ಕ ಬ್ಯಾರೆ ಅರ್ಥ ಇಲ್ಲೋ. ತಲಿ ಅಂದ್ರ ತಲಿ. ನಾಯಿ ಅಂದ್ರ ಹಟ್ಟಿ ನಾಯಿ. ಅಷ್ಟ."

ಬೀರಣ್ಣ ಅವನ ಕಡೆ ಮರುಕದಿಂದ ನೋಡಿದ. "ಮೈಲಾರ ತನ್ನ ನಾಯಿ ಪಾಲು ತಾನ ತಪ್ಪಸ್ತಾನೇನೋ?"

"ಹೇಳಿದಾಂವ ನಾನು. ನನಗ ಗೊತ್ತಿಲ್ಲೇನು?"

"ನಿನಗ ಹ್ಯಾಂಗ ಗೊತ್ತಾಗಬೇಕೋ ಮಾಸ್ತರ," ಎಂದ ಬೀರಣ್ಣ. "ಹೇಳಿದಾಂವ ನೀ ಅಲ್ಲಲ್ಲ."

ಕಾಮಣ್ಣನ ಕೈ ಸಡಿಲಾಯಿತು. ಸಿದ್ದಣ್ಣ ತಮ್ಮನಿಗೆ ಸಮಾಧಾನವಾಗಲೆಂದು ಹೇಳಿದ, "ನಿನ್ನಿ ಸುತ್ತತಿದ್ದ ಕುರಿ ಕಡದು ನಿನ್ನ ಹೆಸರಿಲೆ ಊಟಾ ಹಾಕೀವಿ. ತಲಿಗಿ ಭಂಡಾರಾ ಹಚ್ಚಿ ರೀತಿ ಪ್ರಕಾರನ ಮಾಡೀವಿ, ಕಾಳಜಿ ಮಾಡಬ್ಯಾಡ. ಇನ್ನೊಂದೈತಿ. ಅದನ್ನ ಇವತ್ತ ಮಧ್ಯಾಹ್ನ ಕಡೀತಾರ."

ಇಬ್ಬರೂ ಚಹಾ ಕುಡಿಯಲು ಹೊರಗೆ ಹೋದರು. ಗಂಗುಬಾಯಿ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಮಗನ ಹತ್ತಿರ ಕೂತಳು. ಬೋಳು ತಲೆಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವವಳಂತೆ ಹಾಗೆಯೇ ಹಿಡಿದಳು.

"ತಲಿ ಅಂದ್ರ ಕುರಿ ತಲಿನ ಏನೋ?" ಎಂದು ಕೇಳಿದಳು.

ಕಾಮಣ್ಣ ಕಣ್ಣು ತೆರೆದ. "ಹೌದವ್ವಾ."

"ನಾಯಿಗಿ ಹಾಕಬಾರದು."

"ಹಾಕಬಾರದು."

"ನಿನ್ನಿದು ಹಾಕಿಬಿಟ್ಟಾರಲ್ಲೋ."

"ಅದು ಹೋತು. ಮುಂದಿಂದು ಹಾಕಬ್ಯಾಡ."

 "ಅಲ್ಲಿ ನೆಲಾ ಮಡ್ಡಿ. ನನ್ನ ಕೈಲೆ ತಗ್ಗು ತಗ್ಯಾಕ ಆಗೂದಿಲ್ಲ. ಸಣ್ಣ ತಗ್ಗಾದ್ರ ನಾಯಿ ಕೆದರಿ ತಗೀತಾವ. ಸುಟ್ರ ನಡೀತೈತೇನು?"

"ನಡೀತೈತಿ. ಪೂರಾ ಬೂದಿ ಆಗಬೇಕು. ಅರ್ಧಾ ಬಿಡಬಾರದು."

"ದೇವರು ಕುಂತ ತಲಿ ಸುಟ್ಟಾಕಿ ಅಂತ ಮಂದಿ ಅಂತಾರ," ಎಂದಳು ಗಂಗುಬಾಯಿ. "ಅನ್ಲಿ. ಶಾಪ ಇದ್ರ ನನಗ ಹತ್ತಲಿ. ನಿನಗ ಹತ್ತಿದ್ದು ಸಾಕು."

ನರ್ಸ್ ಬಂದಳು. ಗಾಲಿಮಂಚವನ್ನು ಬಾಗಿಲಿನ ಕಡೆ ತಿರುಗಿಸಿದರು. ರೂಪಾಲಿ ಒಂದು ಪಕ್ಕ, ಗುರುಶಾಂತ ಇನ್ನೊಂದು ಪಕ್ಕ ನಡೆದರು. ಬಾಗಿಲು ಮುಚ್ಚಿದ ಮೇಲೆ ಗಂಗುಬಾಯಿ ಸೆರಗು ಬಿಗಿ ಮಾಡಿಕೊಂಡು, ಚಪಳಗಾಂವದ ಕಡೆಗೆ ಹೋಗುವ ಬಸ್ಸು ಎಷ್ಟಕ್ಕೆ ಎಂದು ಗುರುಶಾಂತನನ್ನು ಕೇಳಿದಳು.

ಸಿದ್ದಣ್ಣನಿಗೆ ಸಿಟ್ಟು ಬಂತು. "ಮಗಾ ಒಳಗ ಅದಾನ, ನೀ ಹೊಂಟೀ ಏನಬೇ?"

"ಅವನ ಕೆಲಸಕ್ಕನ ಹೊಂಟೀನಿ," ಎಂದಳು.

ಮಧ್ಯಾಹ್ನ ಅವಳು ವಸ್ತಿ ಮುಟ್ಟಿದಾಗ ಕುರಿಯನ್ನು ಆಗಲೇ ಕಡಿದಿದ್ದರು. ತಲೆಗೆ ಭಂಡಾರ ಹಚ್ಚಿ ಇಟ್ಟಿದ್ದರು, ಕಲ್ಲು ಇನ್ನೂ ಬಿದ್ದಿರಲಿಲ್ಲ. ನಾಯಿಗಳು ಸುತ್ತ ಕೂತಿದ್ದವು. ಅವಳು ಯಾರಿಗೂ ಏನೂ ಹೇಳದೆ ಅದನ್ನು ಕಿವಿ ಹಿಡಿದು ಎತ್ತಿಕೊಂಡು, ಹಿತ್ತಲಿನ ನೀರೊಲೆಗೆ ಒಯ್ದಳು. ಹಟ್ಟಿಯ ಹೆಂಗಸರು ದೂರ ನಿಂತು ನೋಡಿದರು, ಒಬ್ಬರೂ ಹತ್ತಿರ ಬರಲಿಲ್ಲ. ಜಾಲಿಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿದಳು. ಉಣ್ಣೆ ಸುಟ್ಟ ವಾಸನೆ ಇಡೀ ವಸ್ತಿಗೆ ಹರಡಿತು.

ಕಾಮಣ್ಣ ಆಪರೇಶನ್ ಮೇಜಿನಿಂದ ಏಳಲಿಲ್ಲ ಎಂಬ ಫೋನು ಸಂಜೆಯ ಹೊತ್ತಿಗೆ ಬಂತು. ಸಿದ್ದಣ್ಣನ ಹೆಂಡತಿ ಓಡಿಬಂದು ಒಲೆಯ ಮುಂದೆ ಕೂತವಳಿಗೆ ಹೇಳಿದಳು. ಗಂಗುಬಾಯಿ ಕೇಳಿದಳು. ಅಳುತ್ತ ಇನ್ನೊಂದು ಕಟ್ಟಿಗೆ ಒಳಗೆ ನೂಕಿದಳು. ಎಬ್ಬಿಸಲು ಬಂದವರ ಕೈ ಕೊಡವಿದಳು. ಬುರುಡೆ ಇನ್ನೂ ಪೂರಾ ಬೂದಿಯಾಗಿರಲಿಲ್ಲ.